ಹಸಿರು ದೀಪ ಆರುವವರೆಗೆ

ಬೆಳಿಗ್ಗೆ ಕಾಂತರಾಜು ಶೂ ಲೇಸು ಕಟ್ಟಿಕೊಳ್ಳುತ್ತ, ತಲೆ ಎತ್ತದೆಯೇ, "ನೋಡ್ತಾನೇ ಇದ್ದೀನಿ, ಆಫೀಸಲ್ಲಿ ಏನೋ ತಲೆಬಿಸಿ ಇದ್ದಂಗಿದೆ. ಏನದು?" ಎಂದು ಕೇಳಿದ್ದಕ್ಕೆ ಅಕ್ಷತ, "ನಿಮಗದು ಅರ್ಥ ಆಗಲ್ಲ ಬಿಡಿ" ಎಂದುಬಿಟ್ಟಳು. ಅವನು "ಅದೂ ಸರೀನೇ" ಎಂದು ನಕ್ಕ. ಆಮೇಲೆ ಇನ್ನೊಂದು ಕಾಲಿನ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದ. ಕೊರಳಿಗೆ ಸೀಟಿ ಹಾಕಿಕೊಂಡು, ಬಾಗಿಲನ್ನು ಎಂದಿಗಿಂತ ಮೆಲ್ಲಗೆ ಎಳೆದುಕೊಂಡು ಹೋದ. ದೇವನಹಳ್ಳಿ ಹತ್ತಿರದ ವಿಜಯಪುರದ ಹೈಸ್ಕೂಲಿನಲ್ಲಿ ಅವನು ಪಿ.ಟಿ. ಮೇಷ್ಟ್ರು. ಮೈದಾನದ ಈ ತುದಿಯಿಂದ ಆ ತುದಿಗೆ ಕೇಳುವಂತೆ ಕೂಗುವ ಮನುಷ್ಯ ಮನೆಯಲ್ಲಿ ಯಾಕೆ ಇಷ್ಟು ಮೆಲ್ಲಗೆ ಬಾಗಿಲು ಹಾಕುತ್ತಾನೆ ಎಂದು ಬಸ್ಸಿನಲ್ಲಿ ನಿಂತು ಅವಳು ಯೋಚಿಸಿದಳು. ಮದುವೆಯಾದ ಹೊಸದರಲ್ಲಿ ಹೀಗಿರಲಿಲ್ಲ. ಆಗ ಅವನು ಶಾಲೆಯ ಸಣ್ಣಪುಟ್ಟ ಸಂಗತಿಯನ್ನೆಲ್ಲ ಬಂದು ಹೇಳುತ್ತಿದ್ದ, ಖೋಖೋ ಕಂಬಕ್ಕೆ ಯಾರೋ ಎಮ್ಮೆ ಕಟ್ಟಿಹೋಗಿದ್ದು, ಹೆಡ್ ಮೇಷ್ಟ್ರು ಓಟದ ಸ್ಪರ್ಧೆ ಉದ್ಘಾಟಿಸಲು ಹೋಗಿ ತಾವೇ ಓಡಿದ್ದು. ಅವಳು ಕೇಳುತ್ತ ಕೇಳುತ್ತ ಲ್ಯಾಪ್‌ಟಾಪಿನ ಕಡೆಗೆ ಕಣ್ಣು ತಿರುಗಿಸಲು ಶುರುಮಾಡಿದ್ದು ಯಾವಾಗ? ಅವನು ಹೇಳುವುದನ್ನು ನಿಲ್ಲಿಸಿದ್ದು ಯಾವಾಗ? ಜಗಳವಾಗಿದ್ದರೆ ನೆನಪಿರುತ್ತಿತ್ತು.

ದೇವನಹಳ್ಳಿಯ ಬೈಪಾಸಿನ ಪಕ್ಕದ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಅವಳ ಆಫೀಸು. ವಿಮಾನ ಇಳಿಯುವಾಗ ಕಿಟಕಿಯ ಗಾಜು ಸಣ್ಣಗೆ ಅದುರುತ್ತದೆ. ಮಾತಾಡುತ್ತಿದ್ದವರು ಅರ್ಧದಲ್ಲೇ ನಿಲ್ಲಿಸಿ, ಅದು ದಾಟಿದ ಮೇಲೆ ನಿಲ್ಲಿಸಿದ್ದ ಪದದಿಂದಲೇ ಮುಂದುವರಿಸುತ್ತಾರೆ. ವಿಮಾನ ನಿಲ್ದಾಣ ಬಂದ ಮೇಲೆ ಈ ಸೀಮೆಯವರಿಗೆಲ್ಲ ಅಂಟಿದ ಅಭ್ಯಾಸ ಇದು. ಆ ಸದ್ದನ್ನು ಅಳೆಯುವ ಪೆಟ್ಟಿಗೆಗಳನ್ನು ಮಾಡಿ ಸುತ್ತಲಿನ ಹಳ್ಳಿಗಳ ಮಾಳಿಗೆಗಳ ಮೇಲೆ ಇಟ್ಟಿದ್ದು ಇವರ ಕಂಪನಿ. ಪೆಟ್ಟಿಗೆಯ ಒಳಗೊಂದು ಪುಟ್ಟ ಕಂಪ್ಯೂಟರು, ಅದಕ್ಕೊಂದು ಮೆಮೊರಿ ಕಾರ್ಡು. ಪ್ರತಿ ನಿಮಿಷದ ಸದ್ದು ಒಂದೊಂದು ಫೈಲಾಗಿ ಕಾರ್ಡಿಗೆ ಇಳಿಯುತ್ತದೆ. ಸದ್ದು ಇಳಿಯುತ್ತಿರುವ ಆ ನಿಮಿಷವಿಡೀ ಹೊರಗಿನ ಹಸಿರು ದೀಪ ಮಿಟುಕುತ್ತದೆ, ನಿಮಿಷ ಮುಗಿದು ಫೈಲು ಭದ್ರವಾದಾಗ ಒಂದು ಗಳಿಗೆ ಆರುತ್ತದೆ. ಆ ಕಂಪ್ಯೂಟರಿನ ತಳದಲ್ಲಿ ಕೂತು ಕಾರ್ಡು, ಫೈಲು, ವಿದ್ಯುತ್ತು ಎಲ್ಲವನ್ನೂ ನಡೆಸುವ ಕರ್ನಲ್ಲನ್ನು ನೋಡಿಕೊಳ್ಳುವುದು ಅಕ್ಷತಳ ಕೆಲಸ. ಪರದೇಶದ ಯಾರು ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಕರ್ನಲ್ಲು ಅದು. ಅದನ್ನು ಪೆಟ್ಟಿಗೆಯ ಅಳತೆಗೆ ಕತ್ತರಿಸಿ ಹೊಲಿದವಳು ಇವಳು. ಎಲ್ಲ ಪೆಟ್ಟಿಗೆಗಳೂ ಸರಿಯಾಗಿದ್ದವು, ಒಂದನ್ನು ಬಿಟ್ಟು. ತೂಬಗೆರೆಯ ಆಚೆಯ ಹಳ್ಳಿಯೊಂದರಲ್ಲಿ ಆವಲಪ್ಪ ಎಂಬವರ ಮಾಳಿಗೆಯ ಮೇಲಿದ್ದ ಪೆಟ್ಟಿಗೆಯಲ್ಲಿ ಹೆಚ್ಚುಕಮ್ಮಿ ಪ್ರತಿ ಸಂಜೆ ಒಂದು ಫೈಲು ಬರಿದಾಗುತ್ತಿತ್ತು. ಫೈಲಿನ ಹೆಸರು ಇರುತ್ತಿತ್ತು, ತಾರೀಖು ಇರುತ್ತಿತ್ತು, ಒಳಗೆ ಮಾತ್ರ ಏನೂ ಇಲ್ಲ.

"ಇದರಲ್ಲೇನಿದೆಯಮ್ಮ ಅಷ್ಟು ತಲೆ ಕೆಡಿಸ್ಕೊಳ್ಳೋಕೆ?" ಎಂದ ಶ್ರೀಧರ್, ಅವಳ ಮೇಲಿನವನು, ಬೆನ್ನ ಹಿಂದೆ ಬಂದು ನಿಂತು. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು, ಆದರೂ ಅಮ್ಮ ಎನ್ನುತ್ತಿದ್ದ. ಆ ಅಮ್ಮದಲ್ಲಿ ಗೌರವವಿಲ್ಲ ಎಂಬುದು ಇಡೀ ಆಫೀಸಿಗೆ ಗೊತ್ತಿತ್ತು. "ಬೇರೆ ಕಡೆ ಎಲ್ಲೂ ಇಲ್ಲ, ಇಲ್ಲಿ ಮಾತ್ರ. ಅಂದ್ರೆ ಮನೆಯೋರು ಪ್ಲಗ್ ಕೀಳ್ತಿದ್ದಾರೆ. ಮೊಬೈಲ್ ಚಾರ್ಜಿಗೋ ಏನಕ್ಕೋ. ಹಳ್ಳಿ ಜನ, ಎಷ್ಟು ಹೇಳಿದ್ರೂ ಅಷ್ಟೇ. ಮನೆಯವರ ತಪ್ಪು ಅಂತ ಬರೆದು ಕ್ಲೋಸ್ ಮಾಡು. ಪೆಟ್ಟಿಗೇನ ಬೇರೆ ಮನೆಗೆ ಹಾಕಿಸೋಣ, ಅವರಿಗೂ ಒಂದು ಮಾತು ಗಟ್ಟಿಯಾಗಿ ಹೇಳಿಸೋಣ."

"ಕಿತ್ತರೂ ಹೋಗಬಾರದಲ್ವಾ ಸಾರ್, ಬರೆದು ಮುಗಿದಿರೋ ಫೈಲು" ಎಂದಳು ಅಕ್ಷತ. ದನಿ ಅವಳು ಅಂದುಕೊಂಡಿದ್ದಕ್ಕಿಂತ ಸಣ್ಣಗೆ ಬಂತು.

"ನಿನ್ನ ಟೇಬಲ್ ಮೇಲೆ ಹೋಗುತ್ತಾ? ಇಲ್ವಲ್ಲ. ನಾಳೆ ಒಳಗೆ ಮುಗಿಸಮ್ಮ" ಎಂದು ಅವನು ಹೋದ. ಪಕ್ಕದ ಸಾಲಿನವರು ಕೀಬೋರ್ಡಿನ ಮೇಲೆ ಬೆರಳಾಡಿಸುತ್ತ ಕೇಳಿಸಿಕೊಳ್ಳದವರಂತೆ ಕೂತಿದ್ದರು.

ಅವಳು ಹೇಳದೆ ಉಳಿಸಿಕೊಂಡ ಒಂದು ಸಂಗತಿಯಿತ್ತು. ಪೆಟ್ಟಿಗೆ ಇಡಲು ಹೋದ ದಿನ ಅವಳೂ ಹೋಗಿದ್ದಳು. ಮಾಳಿಗೆಯ ಮೇಲೆ ಶೀಟು ಹೊದಿಸಿದ ಒಂದು ಕೋಣೆ, ಅದರಲ್ಲಿ ಒಂದೇ ಪ್ಲಗ್ ಪಾಯಿಂಟು. ಆವಲಪ್ಪನವರ ಹೆಂಡತಿ ಸಪ್ಪಲಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, "ನಮ್ಮನೆಯೋರಿಗೆ ಉಬ್ಬಸ ಕಣಮ್ಮ. ಬಾಶೆಟ್ಟಳ್ಳಿ ಕಡೆ ನೂಲಿನ ಮಿಲ್ಲಲ್ಲಿ ಇದ್ದೋರು. ಸಂಜೆ ಒಲೆ ಹೊಗೆ ಆಗಲ್ಲ ಅಂತ ಇಲ್ಲೇ ಕೂರುಸ್ತೀನಿ, ಇಲ್ಲೇ ಔಸ್ತಿ ಮಿಷನ್ನು ಹಾಕ್ತೀನಿ. ಅವಾಗೇನು ಮಾಡನ?" ಎಂದು ಕೇಳಿದ್ದರು. ಔಷಧಿಯನ್ನು ಆವಿಯಾಗಿ ಮೂಗಿಗೆ ಕೊಡುವ ಆ ಮಿಷನ್ನಿನ ಗುಂಯ್ ಸದ್ದು ಸೇರಿದರೆ ಅಳತೆ ಕೆಡುತ್ತದೆ, ಆಗ ಪೆಟ್ಟಿಗೆಯನ್ನು ಕಿತ್ತುಬಿಡಿ ಎಂದವಳು ಅಕ್ಷತಳೇ. "ಆದರೆ ಈ ಹಸಿರು ದೀಪ ಮಿಟುಕ್ತಾ ಇರುವಾಗ ಮಾತ್ರ ಕೀಳಬೇಡಿ, ಆರಿದ ಮೇಲೆ ಕೀಳಿ, ಏನೂ ಆಗಲ್ಲ" ಎಂದೂ ಹೇಳಿದ್ದಳು. ಹೇಳುತ್ತಿದ್ದಾಗ ಕಾರಿನವನು ಕೆಳಗೆ ಹಾರನ್ ಬಾರಿಸುತ್ತಿದ್ದ. ಸಪ್ಪಲಮ್ಮ ಆ ದೀಪವನ್ನು ದೇವರ ಮನೆಯ ದೀಪ ನೋಡುವ ಹಾಗೆ ಬಗ್ಗಿ ನೋಡಿದ್ದರು. ಇದೆಲ್ಲವನ್ನೂ ಶ್ರೀಧರನಿಗೆ ಹೇಳಿದರೆ, ಓಹೋ ಹಾಗಿದ್ರೆ ತಪ್ಪು ನಿಂದೇ ಎಂದುಬಿಡುತ್ತಾನೆ. ಆ ಅಂಜಿಕೆಯಿಂದ ಬಾಯಿ ಕಟ್ಟಿತ್ತು. ಅಂಜಿಕೆ ಇದೆ ಎಂಬುದೇ ನಾಚಿಕೆಯಾಗಿತ್ತು.

ಮೇಜಿನ ಮೇಲೆ ಅಂಥದೇ ಇನ್ನೊಂದು ಪೆಟ್ಟಿಗೆ ಇಟ್ಟುಕೊಂಡು ಅವಳು ಹಲವು ದಿನಗಳಿಂದ ಪ್ಲಗ್ ಕೀಳುತ್ತಿದ್ದಳು, ಹಾಕುತ್ತಿದ್ದಳು. ಕಿತ್ತಾಗ ಬರೆಯುತ್ತಿದ್ದ ಒಂದು ತುಣುಕು ಹೋಗುತ್ತಿತ್ತು, ಅದು ಲೆಕ್ಕದಲ್ಲಿದ್ದದ್ದೇ. ಬರೆದು ಮುಗಿದ ಹಿಂದಿನ ಫೈಲುಗಳು ಒಂದೂ ಬರಿದಾಗಲಿಲ್ಲ. ಕೊನೆಗೆ ಅಂದು ಅವಳು ಹಳ್ಳಿಯಿಂದ ತರಿಸಿದ್ದ ಕಾರ್ಡನ್ನೇ ಎದುರಿಗೆ ಇಟ್ಟುಕೊಂಡು, ಫೈಲಿನ ಹೆಸರುಗಳನ್ನು ಮರೆತು, ಕಾರ್ಡಿನ ಮೈಯನ್ನು ಉದ್ದಕ್ಕೂ ಹಸಿಹಸಿಯಾಗಿ ಓದತೊಡಗಿದಳು. ಮಧ್ಯಾಹ್ನದ ಹೊತ್ತಿಗೆ ಬೆನ್ನು ನೆಟ್ಟಗಾಯಿತು. ಸದ್ದು ಅಲ್ಲಿತ್ತು. ಬರಿದು ಎಂದು ತೋರಿಸುತ್ತಿದ್ದ ಪ್ರತಿಯೊಂದು ನಿಮಿಷವೂ ಕಾರ್ಡಿನ ಯಾವುದೋ ಮೂಲೆಯಲ್ಲಿ ಪೂರ್ತಿಯಾಗಿ ಬಿದ್ದಿತ್ತು. ಫೈಲಿನ ಉದ್ದವೆಷ್ಟು ಎಂದು ಬರೆಯಬೇಕಾದ ಜಾಗದಲ್ಲಿ ಸೊನ್ನೆ ಇತ್ತು, ಅಷ್ಟೇ. ಸೊನ್ನೆ ಉದ್ದದ ಫೈಲಿನೊಳಗೆ ಯಾರು ಯಾಕೆ ಹುಡುಕುತ್ತಾರೆ? ಒಂದನ್ನು ಎತ್ತಿ ಜೋಡಿಸಿದಳು. ಸದ್ದನ್ನು ಯಾರೂ ಕೇಳಬಾರದು, ಅದರಿಂದ ಅಳತೆಯ ಸಂಖ್ಯೆ ತೆಗೆದು ಅಳಿಸಿಬಿಡಬೇಕು ಎಂಬುದು ಕಂಪನಿಯ ನಿಯಮ. ಫೈಲು ಸರಿಯಾಗಿ ಕೂಡಿಕೊಂಡಿದೆಯೋ ಇಲ್ಲವೋ ನೋಡಲು ಮಾತ್ರ ಎಂದು ತನಗೆ ತಾನೇ ಹೇಳಿಕೊಂಡು ಅವಳು ಹೆಡ್‌ಫೋನ್ ಹಾಕಿಕೊಂಡಳು.

ಮೊದಲು ಒಂದು ವಿಮಾನ. ಅದು ದೂರ ಸರಿದ ಮೇಲೆ ಹೆಂಗಸಿನ ದನಿ, ಪೆಟ್ಟಿಗೆಗೆ ತೀರ ಹತ್ತಿರ. "ಇದು ಬಾಲ ಕೆಂಪಗಿರೋದು." ಗಂಡಸಿನ ದನಿ, ಒಂದೊಂದು ಮಾತಿಗೂ ಉಸಿರೆಳೆದುಕೊಳ್ಳುತ್ತ, "ಅಲ್ಲ ಕಣೇ... ನೀಲಿ." "ನಿಂಗೆ ಕಣ್ಣೂ ಹೋಯ್ತು ಬಿಡು." ಆವಲಪ್ಪನವರು ನಗುತ್ತಾರೆ, ನಗು ಕೆಮ್ಮಾಗುತ್ತದೆ, ಕೆಮ್ಮು ನಿಲ್ಲುವುದಿಲ್ಲ. ಅಕ್ಷತ ಹೆಡ್‌ಫೋನ್ ತೆಗೆದು ಸುತ್ತ ನೋಡಿದಳು. ಯಾರದೋ ಮನೆಯ ಕಿಟಕಿಯಲ್ಲಿ ಇಣುಕಿ ಸಿಕ್ಕಿಬಿದ್ದವಳಂತೆ ಕಿವಿ ಬಿಸಿಯಾಗಿತ್ತು. ಆದರೂ ಇನ್ನೊಂದನ್ನು ಜೋಡಿಸಿದಳು. ಅದರಲ್ಲಿ ಸಪ್ಪಲಮ್ಮ ಮೆಣಸಿನಕಾಯಿ ಬೀಜದ ವಿಚಾರ ಹೇಳುತ್ತಿದ್ದರು. ಇನ್ನೊಂದರಲ್ಲಿ ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಯಾರೋ ತಮ್ಮ ಕಾಲು ತುಳಿದು ತಮ್ಮನ್ನೇ ಬೈದ ಕಥೆ. ಅದನ್ನು ಎರಡು ಸಂಜೆ ಹೇಳಿದ್ದರು. ಆವಲಪ್ಪ ಎರಡನೆಯ ಸಲವೂ "ಆಮ್ಯಾಕೆ?" ಎಂದು ಕೇಳಿದ್ದರು. ಆ ಪ್ರಶ್ನೆಯನ್ನು ಅವಳು ಹಿಂದೆ ಸರಿಸಿ ಇನ್ನೊಮ್ಮೆ ಕೇಳಿದಳು. ಕಾಂತರಾಜು ಕೊನೆಯ ಸಲ ಹೇಳಿದ ಕಥೆ ಯಾವುದು ಎಂದು ನೆನಪು ಮಾಡಿಕೊಳ್ಳಲು ಹೋದಳು. ಖೋಖೋ ಕಂಬದ ಎಮ್ಮೆ ಮಾತ್ರ ಬಂತು.

ನಾಲ್ಕೈದು ಕೇಳಿದ ಮೇಲೆಯೇ ಎಲ್ಲವೂ ಒಂದೇ ಥರ ಮುಗಿಯುತ್ತವೆ ಎಂಬುದು ಅವಳಿಗೆ ಹೊಳೆದದ್ದು. ಕೊನೆಯಲ್ಲಿ ಆವಲಪ್ಪನವರ ಉಸಿರು ಸಿಳ್ಳು ಹಾಕುತ್ತದೆ. ಅವರು "ಹಾಕೇ... ಸಪ್ಪಲಿ, ಹಾಕು" ಎನ್ನುತ್ತಾರೆ. ಸಪ್ಪಲಮ್ಮನ ಬಳೆಯ ಸದ್ದು. ಆಮೇಲೆ, "ವಸಿ ತಡಿ, ದೀಪ ಆಡ್ತೈತೆ. ಆರ್ಲಿ. ಆ ಮಗಾ ಯೋಳವ್ಳೆ, ಆರಿದ ಮ್ಯಾಕೇ ಕೀಳ್ಬೇಕು ಅಂತ. ತಡಿ ನಮ್ಮಪ್ಪ, ಆಯ್ತು, ಇನ್ನೇನು ಆಯ್ತು." ಸಿಳ್ಳು, ಸಿಳ್ಳು, ಮತ್ತೆ ಸಿಳ್ಳು. ಅಲ್ಲಿಗೆ ಮುಗಿಯುತ್ತದೆ.

ಆ ಮಗಾ ಎಂದರೆ ತಾನು. ಉಸಿರಿಗೆ ಒದ್ದಾಡುವ ಮನುಷ್ಯನನ್ನು ದೀಪ ಆರುವವರೆಗೆ ನಿಲ್ಲಿಸಿದವಳು. ಹಾರನ್ನಿನ ಅವಸರದಲ್ಲಿ ಹೇಳಿದ ಒಂದು ಮಾತನ್ನು ಆ ಹೆಂಗಸು ಪ್ರತಿ ಸಂಜೆ ಪಾಲಿಸಿದ್ದರು. ಪಾಲಿಸಿದ್ದರಿಂದಲೇ ಫೈಲುಗಳು ಹೋಗಿದ್ದವು. ಅಕ್ಷತ ಹೆಡ್‌ಫೋನ್ ತೆಗೆದಿಟ್ಟಳು. ಮೇಜಿನ ಮೇಲಿನ ಪೆಟ್ಟಿಗೆಯ ಹಸಿರು ದೀಪವನ್ನು, ಸಪ್ಪಲಮ್ಮ ನೋಡಿದ ಹಾಗೆ, ಬಗ್ಗಿ ನೋಡುತ್ತ ಕೂತಳು. ಮಿಟುಕಿತು, ಮಿಟುಕಿತು, ಆರಿತು. ಆರಿದ ಕೂಡಲೇ ಪ್ಲಗ್ ಕಿತ್ತಳು. ಮತ್ತೆ ಹಾಕಿ ನೋಡಿದರೆ ಫೈಲು ಬರಿದು. ಇಷ್ಟು ದಿನ ಸಿಕ್ಕದ್ದು ಮೊದಲನೆಯ ಸಲಕ್ಕೇ ಸಿಕ್ಕಿತು. ಬೇರೆ ಯಾವ ಹಳ್ಳಿಯಲ್ಲೂ ಯಾರೂ ದೀಪವನ್ನು ಕಾದಿರಲಿಲ್ಲ. ಕರೆಂಟು ಯಾವಾಗಲೋ ಹೋಗುತ್ತಿತ್ತು, ಯಾವಾಗಲೋ ಬರುತ್ತಿತ್ತು, ದೀಪ ಆರಿದ ಗಳಿಗೆಗೆ ಸರಿಯಾಗಿ ಹೋಗುತ್ತಿರಲಿಲ್ಲ.

ಆಮೇಲಿನದು ಕಷ್ಟವಾಗಲಿಲ್ಲ. ಕರ್ನಲ್ಲಿನ ಒಳಗೆ ಎಲ್ಲಿ ನೋಡಬೇಕು ಎಂದು ಈಗ ಗೊತ್ತಿತ್ತು. ಸದ್ದು ಕಾರ್ಡಿಗೆ ಇಳಿದ ಮೇಲೆ ಅದರ ಉದ್ದವನ್ನು ಬರೆಯುವ ಕೆಲಸ ಬೇರೆಯದೇ ಒಂದು ಸಾಲಿನಲ್ಲಿ ಹೋಗಿ ನಿಲ್ಲುತ್ತದೆ. ಫೈಲು ಭದ್ರವಾಯಿತೇ ಎಂದು ಕೇಳಿದಾಗ ಕರ್ನಲ್ಲು ಆ ಸಾಲನ್ನು ನೋಡಬೇಕು. ನೋಡುತ್ತಿತ್ತು, ಆದರೆ ಕೆಲಸ ಸಾಲಿಗೆ ಬಂದು ನಿಲ್ಲುವ ಒಂದು ಚೂರು ಮೊದಲೇ ನೋಡಿ, ಸಾಲು ಖಾಲಿ ಇದೆ, ಆಯಿತು ಎಂದುಬಿಡುತ್ತಿತ್ತು. ದೀಪ ಆರುತ್ತಿತ್ತು. ಉದ್ದ ನಿಜವಾಗಿ ಕಾರ್ಡಿಗೆ ಬೀಳುತ್ತಿದ್ದದ್ದು ಇನ್ನೊಂದಿಷ್ಟು ಕ್ಷಣಗಳಾದ ಮೇಲೆ. ಆ ನಡುವಿನ ಕ್ಷಣಗಳಲ್ಲೇ ಸಪ್ಪಲಮ್ಮನ ಕೈ ಪ್ಲಗ್ಗಿಗೆ ಹೋಗುತ್ತಿತ್ತು. ಅಕ್ಷತ ಕೋಡಿನ ಎರಡು ಸಾಲುಗಳನ್ನು ಮೇಲೆ ಕೆಳಗೆ ಮಾಡಿ, ಕೆಲಸ ಬಂದು ನಿಂತ ಮೇಲೆಯೇ ಕರ್ನಲ್ಲು ನೋಡುವಂತೆ ಮಾಡಿದಳು. ಸದ್ದನ್ನು ನಿಮಿಷಕ್ಕೊಮ್ಮೆ ಭದ್ರ ಮಾಡುವ ಬದಲು ಆಗಾಗ ಚಿಕ್ಕ ಚಿಕ್ಕ ತುತ್ತಾಗಿ ಭದ್ರ ಮಾಡುವ ಹಾಗೆ ಬದಲಿಸಿದಳು. ಆಮೇಲೆ, ಯಾರೂ ಹೇಳದಿದ್ದರೂ, ದೀಪವನ್ನು ಮಿಟುಕಿಸುವ ಸಾಲನ್ನೇ ಅಳಿಸಿಹಾಕಿದಳು. ಶ್ರೀಧರನ ಹತ್ತಿರ ಹೋಗಿ ನಿಂತು, "ತಪ್ಪು ಕರ್ನಲ್ಲಿಂದು ಸಾರ್. ಮನೆಯವರು ನಾನು ಹೇಳಿದಂಗೇ ಮಾಡಿದ್ದಾರೆ. ಕೀಳಿ ಅಂತ ಹೇಳಿದ್ದು ನಾನೇ" ಎಂದಳು. ಅವನು ಅವಳನ್ನೂ ಪರದೆಯನ್ನೂ ನೋಡಿ, "ಸರಿ, ಹೋಗಿ ಹಾಕ್ಬಿಟ್ಟು ಬಾ" ಎಂದ. ಅಮ್ಮ ಎನ್ನುವುದನ್ನು ಮರೆತಿದ್ದ. ಆಮೇಲೆ "ಕಾರಿಲ್ಲ ಇವತ್ತು" ಎಂದು ಸೇರಿಸಿದ.

ಅವಳು ಕಾಂತರಾಜುವಿಗೆ ಫೋನ್ ಮಾಡಿದಳು. ಶಾಲೆಯ ಹೊತ್ತಿನಲ್ಲಿ ಎಂದೂ ಮಾಡಿದವಳಲ್ಲ. ಅವನು ಗಾಬರಿಯಿಂದ, "ಏನಾಯ್ತು?" ಎಂದ. "ಏನಿಲ್ಲ. ತೂಬಗೆರೆ ಹತ್ರ ಒಂದು ಮನೆಗೆ ಹೋಗಬೇಕು, ಗಾಡೀಲಿ ಕರ್ಕೊಂಡು ಹೋಗ್ತೀರಾ?" ಎಂದಳು. ಆಚೆ ಕಡೆ ಹುಡುಗರ ಕೂಗು. "ಬಂದೆ, ಬಂದೆ" ಎಂದ. ಎರಡು ಸಲ ಹೇಳಿದ್ದು ಅವಳಿಗೆ ಕೇಳಿಸಿತು.

ದೊಡ್ಡಬಳ್ಳಾಪುರ ದಾಟಿದ ಮೇಲೆ ರಸ್ತೆ ಖಾಲಿಯಾಯಿತು. ಎರಡೂ ಕಡೆ ದ್ರಾಕ್ಷಿಯ ಚಪ್ಪರ, ನಡುನಡುವೆ ಸೈಟಿನ ಕಲ್ಲುಗಳು. ಅವನ ಹೆಗಲ ಹತ್ತಿರ ಬಾಯಿಟ್ಟು, ಗಾಳಿಗೆ ಕೂಗಿ ಕೂಗಿ, ಅವಳು ಬೆಳಗಿನ ಪ್ರಶ್ನೆಗೆ ಉತ್ತರ ಹೇಳಿದಳು. ಫೈಲು, ಸೊನ್ನೆ, ಸಾಲು, ದೀಪ, ಸಪ್ಪಲಮ್ಮ ಕಾದದ್ದು, ಆವಲಪ್ಪನವರ ಉಸಿರು. ಅವನು ಗಾಡಿಯನ್ನು ನಿಧಾನ ಮಾಡುತ್ತ ಮಾಡುತ್ತ ಕೊನೆಗೆ ಹುಣಸೆಮರವೊಂದರ ಕೆಳಗೆ ನಿಲ್ಲಿಸಿಯೇಬಿಟ್ಟ. "ಅಂದ್ರೆ ಹುಡುಗ ಕ್ಲಾಸಲ್ಲಿ ಬಂದು ಕೂತಿದ್ದಾನೆ, ಹಾಜರೀಲಿ ಅವನ ಹೆಸರಿನ ಮುಂದೆ ಗೈರು ಅಂತ ಇದೆ. ಅದಕ್ಕೆ ಯಾರೂ ಅವನ ಕಡೆ ತಿರುಗಿ ನೋಡಲ್ಲ."

"ಹ್ಞೂಂ. ಅಷ್ಟೇ."

"ಪಾಪ ಅಲ್ವಾ" ಎಂದ ಕಾಂತರಾಜು. ಹುಡುಗನಿಗೋ, ಆವಲಪ್ಪನವರಿಗೋ, ಯಾರಿಗೆ ಎಂದು ಅವಳು ಕೇಳಲಿಲ್ಲ. ಅವನ ಬೆನ್ನಿಗೆ ಹಣೆ ಒತ್ತಿದಳು. ಅಂಗಿಯಲ್ಲಿ ಮೈದಾನದ ಮಣ್ಣಿನ ವಾಸನೆ ಇತ್ತು. "ಬೆಳಿಗ್ಗೆ ಹಂಗಂದಿದ್ದಕ್ಕೆ..." ಎಂದು ಶುರುಮಾಡಿದಳು. ಅವನು, "ಏ, ನಡಿ ನಡಿ, ಹೊತ್ತಾಯ್ತು" ಎಂದು ಕಿಕ್ ಹೊಡೆದ. ಸ್ವಲ್ಪ ದೂರ ಹೋದ ಮೇಲೆ, ಕೇಳದೆಯೇ, ಶಾಲೆಯಲ್ಲಿ ಆ ಮಧ್ಯಾಹ್ನ ನಡೆದದ್ದನ್ನು ಹೇಳತೊಡಗಿದ. ಗಾಳಿಗೆ ಅರ್ಧ ಕೇಳಿಸಲಿಲ್ಲ. ಅವಳು "ಆಮೇಲೆ?" ಎಂದಳು.

ಆವಲಪ್ಪನವರಿಗೆ ಅಂದು ಉಸಿರು ಹಗುರವಾಗಿತ್ತು. ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದರು. ಭುಜದ ಮೂಳೆ ಅಂಗಿಯಡಿ ಎದ್ದು ಕಾಣುತ್ತಿತ್ತು. ಅದು ಬಿಟ್ಟರೆ ದೊಡ್ಡ ಆಳು, ಉದ್ದ ಕೈಗಳು. ಕಾಂತರಾಜು ಕೊರಳಿನ ಸೀಟಿ ತೆಗೆಯುವುದನ್ನು ಮರೆತಿದ್ದ. ಅದನ್ನು ನೋಡಿ ಅವರು, "ಆಟದ ಮೇಷ್ಟ್ರಾ? ನಾನೂ ಮಿಲ್ಲಿನ ಟೀಮಲ್ಲಿ ವಾಲಿಬಾಲ್ ಆಡ್ದೋನೇ" ಎಂದರು. ಕಾಂತರಾಜು ಅಲ್ಲೇ ಕಾಲು ಚಾಚಿ ಕೂತುಬಿಟ್ಟ. ಅವರಿಬ್ಬರನ್ನೂ ಬಿಟ್ಟು ಅಕ್ಷತ ಸಪ್ಪಲಮ್ಮನ ಹಿಂದೆ ಮೆಟ್ಟಿಲು ಹತ್ತಿದಳು.

"ನಾವೇನಾರ ತಪ್ಪು ಮಾಡಿದ್ವಾ ತಾಯಿ? ಪೆಟ್ಟಿಗೆ ಕೆಟ್ಟೋಯ್ತು ಅಂತ ಪಂಚಾಯ್ತಿಯೋರು ಯೋಳುದ್ರು" ಎಂದರು ಸಪ್ಪಲಮ್ಮ, ಕೊನೆಯ ಮೆಟ್ಟಿಲಲ್ಲೇ ನಿಂತು.

"ನಿಮ್ದೇನೂ ತಪ್ಪಿಲ್ಲಮ್ಮ. ನಮ್ದೇ." ಅವಳು ಪೆಟ್ಟಿಗೆ ಬಿಚ್ಚಿ ಹೊಸ ಕರ್ನಲ್ಲು ಹಾಕಿ, ಮುಚ್ಚಿ, ಪ್ಲಗ್ ಚುಚ್ಚಿದಳು. "ಈಗ ಕೀಳಿ, ನೋಡೋಣ."

ಸಪ್ಪಲಮ್ಮ ಕೈ ಚಾಚಿ ಹಿಂತೆಗೆದುಕೊಂಡರು. "ದೀಪ?"

"ದೀಪ ಇನ್ನಿಲ್ಲ. ಯಾವತ್ತೂ ಕಾಯಬೇಡಿ. ಅವರು ಹಾಕು ಅಂದ ತಕ್ಷಣ ಕಿತ್ತುಬಿಡಿ."

ಸಪ್ಪಲಮ್ಮ ಕಿತ್ತರು. ಅಕ್ಷತ ಹಾಕಿ ನೋಡಿದಳು, ಫೈಲು ಇತ್ತು, ಉದ್ದ ಇತ್ತು. ಇನ್ನೊಮ್ಮೆ ಕೀಳಲು ಹೇಳಿದಳು, ಮತ್ತೊಮ್ಮೆ. ನಾಲ್ಕನೆಯ ಸಲಕ್ಕೆ ಸಪ್ಪಲಮ್ಮನಿಗೆ ಆಟವೆನಿಸಿ, ಅಕ್ಷತ ಬಾಯಿ ತೆರೆಯುವ ಮೊದಲೇ ಕಿತ್ತು, ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಮೇಲೆ ನಗು ನಿಲ್ಲಿಸಿ ಅವಳನ್ನೇ ನೋಡಿದರು. "ಅವರು ಹಾಕು ಅಂತಾರೆ, ನಾನು ಕಾಯ್ತೀನಿ ಅಂತ ನಿನಗೆಂಗೆ ಗೊತ್ತು?"

ಇದೇ ಪ್ರಶ್ನೆಗೆ ದಾರಿಯುದ್ದಕ್ಕೂ ಹೆದರಿದ್ದಳು. "ಕೇಳಿಸ್ಕೊಂಡೆ ಅಮ್ಮ. ಪೆಟ್ಟಿಗೇಲಿ ನಿಮ್ಮ ಮಾತೂ ಇತ್ತು. ಕೇಳಬಾರದಿತ್ತು. ಕೇಳ್ದೇ ಇದ್ದಿದ್ರೆ ಇದು ಗೊತ್ತಾಗ್ತಿರಲಿಲ್ಲ. ಆದ್ರೂ ಕೇಳಬಾರದಿತ್ತು." ಸಪ್ಪಲಮ್ಮ ಮಾಳಿಗೆಯ ಅಂಚಿಗೆ ಹೋಗಿ ಒಣಹಾಕಿದ್ದ ಟವೆಲನ್ನು ತೆಗೆದು, ಮಡಿಸಿ, ಮತ್ತೆ ಬಿಡಿಸಿ ಹಾಕಿದರು. "ಅವತ್ತು ನಾನು ಬೈದಿದ್ದೂ ಐತಾ?" ಎಂದು ಕೇಳಿದರು.

"ಕೇಳಿದಷ್ಟರಲ್ಲಿ ಬೈಗುಳ ಇರಲಿಲ್ಲ. ಬಸ್ಸಲ್ಲಿ ಕಾಲು ತುಳಿದಿದ್ದು ಇತ್ತು."

"ಥೂ!" ಎಂದು ನಾಚಿಕೊಂಡರು. ಒಂದು ವಿಮಾನ ಬಂತು. ಇಬ್ಬರೂ ತಲೆ ಎತ್ತಿ ಅದರ ಬಾಲ ನೋಡಿದರು. ಅದು ಹೋದ ಮೇಲೆ ಸಪ್ಪಲಮ್ಮ ದನಿ ತಗ್ಗಿಸಿ, "ಇವಾಗ ಅದನ್ನೆಲ್ಲ ಏನ್ ಮಾಡ್ತೀರ?" ಎಂದರು.

"ಅಳಿಸಿಬಿಡ್ತೀವಿ. ಅಳಿಸಲೇಬೇಕು, ನಿಯಮ ಅದು. ಹೆದರಬೇಡಿ."

"ಹೆದ್ರಿಕೆ ಅಲ್ಲ ಕಣವ್ವ." ಸಪ್ಪಲಮ್ಮ ಮೆಟ್ಟಿಲ ಕಡೆ ಒಮ್ಮೆ ನೋಡಿದರು. ಕೆಳಗೆ ಗಂಡಸರಿಬ್ಬರ ಮಾತು ಕೇಳಿಸುತ್ತಿತ್ತು. "ಡಾಕ್ಟ್ರು ನಂಗೆ ಯೋಳವ್ರೆ, ಅವರಿಗೆ ಯೋಳಿಲ್ಲ. ಅಳಿಸ್ಬ್ಯಾಡ. ಆ ದನಿ ನಂಗೆ ಬೇಕು." ರವಿಕೆಯೊಳಗಿನಿಂದ ಒಂದು ಬಟನ್ ಫೋನು ತೆಗೆದು ಅಂಗೈ ಮೇಲೆ ಹಿಡಿದರು. "ಇದಕ್ಕೆ ಹಾಡು ಹಾಕ್ಕೊಡ್ತಾರಲ್ಲ ಅಂಗಡೀಲಿ, ಹಂಗೆ ಇದನ್ನ ಹಾಕಕ್ಕಾಗಲ್ವಾ?"

ಅಕ್ಷತ ಲ್ಯಾಪ್‌ಟಾಪ್ ತೆರೆದಳು. ಫೋನಿನ ಕಾರ್ಡು ತೆಗೆದು, ಮಧ್ಯಾಹ್ನ ಒಂದೊಂದಾಗಿ ಜೋಡಿಸಿದ್ದ ಅಷ್ಟೂ ಸಂಜೆಗಳನ್ನು ಅದಕ್ಕೆ ಹಾಕಿ, ತನ್ನ ಕಡೆಯದನ್ನು ಅಳಿಸಿದಳು. ನಿಯಮಕ್ಕೆ ಇದು ಸರಿಯೋ ತಪ್ಪೋ, ನಾಳೆ ಶ್ರೀಧರ್ ಕೇಳಿದರೆ ಹೇಳಿದರಾಯಿತು ಎಂದುಕೊಂಡಳು. ಕಾರ್ಡು ಹಾಕಿ, ಯಾವ ಗುಂಡಿ ಒತ್ತಬೇಕು ಎಂದು ತೋರಿಸಿದಳು. ಸಪ್ಪಲಮ್ಮ ತಾವೇ ಒತ್ತಿದರು. ಬಟನ್ ಫೋನಿನ ಸದ್ದು ಎಷ್ಟು ಜೋರು ಎಂಬುದು ಇಬ್ಬರಿಗೂ ನೆನಪಿರಲಿಲ್ಲ. ಕೆಮ್ಮು ಮಾಳಿಗೆಯಿಡೀ ತುಂಬಿ, ಮೆಟ್ಟಿಲಿಳಿದು ಜಗಲಿಗೆ ಹೋಯಿತು.

ಕೆಳಗಿನ ವಾಲಿಬಾಲಿನ ಮಾತು ನಿಂತಿತು. "ಏ ಸಪ್ಪಲಿ" ಎಂದು ಆವಲಪ್ಪನವರ ದನಿ ಮೇಲೆ ಬಂತು, "ಯಾರೇ ಅದು ಮ್ಯಾಲೆ? ಪಾಪ, ಆ ಪಾಟಿ ಕೆಮ್ತಾವ್ರೆ, ಒಂದು ಲೋಟ ನೀರು ಕೊಡಬಾರ್ದಾ?"

ಸಪ್ಪಲಮ್ಮ ಫೋನನ್ನು ಎದೆಗೆ ಒತ್ತಿಕೊಂಡರು. ಸದ್ದು ಸೆರಗಿನೊಳಗೆ ಅಡಗಿತು, ನಿಲ್ಲಲಿಲ್ಲ. ನಿಲ್ಲಿಸುವ ಗುಂಡಿಯ ಕಡೆ ಅವರ ಬೆರಳು ಹೋಗಲೂ ಇಲ್ಲ.

"ಕೊಡ್ತೀನಿ ಇರು" ಎಂದು ಕೆಳಗೆ ಕೂಗಿದರು. "ನಮ್ಮೋರೇ ಕಣಯ್ಯ."